ಇದ್ದಿಲು ಬಸ್ಸಿನ ಕಾಲದಲ್ಲಿ ನಾನು ಹೇಳಿದ ಸಾಕ್ಷಿ

ಡಿಪೋಕ್ಕೆ ಹೊಸದಾಗಿ ಸೇರಿದ ಮೆಕ್ಯಾನಿಕ್ ಹುಡುಗರು ಹಬ್ಬಕ್ಕೋ ಹುಣ್ಣಿಮೆಗೋ ಮನೆಗೆ ಬರುತ್ತಾರೆ. ಹಳೇ ಕಾಲದ್ದು ಏನಾದರೂ ಹೇಳಿ ಎಂದು ಕೂರುತ್ತಾರೆ. ಅವರ ಪ್ರಕಾರ ಹಳೇ ಕಾಲ ಎಂದರೆ ಮೋಜಿನ ಕಾಲ. ಇದ್ದಿಲಿನ ಮೇಲೆ ಬಸ್ಸು ಓಡಿಸುತ್ತಿದ್ದೆವು ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಒಂದಿಷ್ಟು ನಕ್ಕು, ಚಹಾ ಕುಡಿಸಿ ಕಳಿಸುತ್ತೇನೆ. ಅವರು ಹೋದ ಮೇಲೆ ನನಗೆ ಸುಸ್ತಾಗುತ್ತದೆ. ನಗುವ ಭಾಗವನ್ನಷ್ಟೇ ಹೇಳಿ ಹೇಳಿ ಬೇಸರ ಬಂದಿದೆ. ನಾನು ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾರ ಸಹಿಯಿಂದ ಆದೆ ಎಂಬುದೆಲ್ಲ ಕಚೇರಿಯ ಕಾಗದದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಕಾಗದದಲ್ಲಿ ಇಲ್ಲದ್ದನ್ನು ಬರೆದು ಮುಗಿಸುತ್ತೇನೆ.

ನಮ್ಮದು ದಾನೋಳಿಯ ಜೈನ ಒಕ್ಕಲುತನದ ಮನೆ. ಹೊತ್ತು ಮುಳುಗುವ ಮೊದಲು ಊಟ, ಸೋಸದೆ ನೀರು ಮುಟ್ಟುವಂತಿಲ್ಲ, ನೆಲದೊಳಗೆ ಬೆಳೆದ ಗಡ್ಡೆ ಒಲೆ ಹತ್ತುವಂತಿಲ್ಲ. ಹೆಂಡ ಎಂಬ ಮಾತನ್ನು ನಮ್ಮ ಅಪ್ಪ ಬೈಗುಳಕ್ಕೂ ಬಳಸಿದವರಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ ತಪ್ಪಿನ ಬೇರು ಇಲ್ಲೇ ಇದೆ. ಅಣ್ಣತಮ್ಮಂದಿರು ನಾಲ್ವರು, ಹೊಲ ಇದ್ದಷ್ಟೇ. ಹಾಗಾಗಿ ಮೂರನೆಯವನಾದ ನಾನು, ನೇಮಣ್ಣ, ಇಚಲಕರಂಜಿಗೆ ನಡೆದೆ.

ಆಗ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಆ ಊರಿನ ಶಹಾಪುರ ಭಾಗದ ಒಂದು ಮಗ್ಗದ ಶೆಡ್ಡಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಈಗಿನಂತೆ ಒಂದೊಂದು ಮಗ್ಗಕ್ಕೆ ಒಂದೊಂದು ಮೋಟಾರು ಅಲ್ಲ. ಶೆಡ್ಡಿನ ಹೊರಗೆ ಒಂದು ಎಣ್ಣೆ ಎಂಜಿನ್, ಅದರಿಂದ ಒಳಗಿನ ಮಾಳಿಗೆಯುದ್ದಕ್ಕೆ ಒಂದು ಕಬ್ಬಿಣದ ದಂಡ, ದಂಡದಿಂದ ಪ್ರತಿ ಮಗ್ಗಕ್ಕೆ ಒಂದು ಚರ್ಮದ ಪಟ್ಟಿ. ಎಂಜಿನ್ ನಿಂತರೆ ಊರೇ ನಿಂತ ಹಾಗೆ. ಚಾಲೂ ಮಾಡಬೇಕಾದರೆ ಅದರ ನೆತ್ತಿಯ ಕಬ್ಬಿಣದ ಬುರುಡೆಯನ್ನು ಸ್ಟೋವಿನ ಉರಿಯಿಂದ ಕೆಂಪಗೆ ಕಾಯಿಸಿ, ಆಮೇಲೆ ದೊಡ್ಡ ಗಾಲಿಯನ್ನು ಇಬ್ಬರು ಸೇರಿ ತಿರುಗಿಸಬೇಕು. ಈ ಜಾತಿಯ ಎಂಜಿನ್ನಿಗೆ ಒಂದು ಕೆಟ್ಟ ಗುಣ. ಗಾಲಿಯನ್ನು ಅರೆಬರೆ ತಳ್ಳಿದರೆ ಉಲ್ಟಾ ತಿರುಗಲು ಶುರು ಮಾಡುತ್ತದೆ, ಮತ್ತು ಉಲ್ಟಾ ತಿರುಗುವಾಗಲೂ ಅಷ್ಟೇ ಠೀವಿಯಿಂದ ಶಬ್ದ ಮಾಡುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವಾರ ನನ್ನ ಕೈಯಲ್ಲಿ ಹಾಗೇ ಆಯಿತು. ಶೆಡ್ಡಿನ ಅಷ್ಟೂ ಮಗ್ಗಗಳು ಹಿಂದಕ್ಕೆ ನಡೆದವು, ಹಾಸಿನ ಎಳೆಗಳು ಪಟಪಟ ಹರಿದವು, ಗೋಕಾಕ ಕಡೆಯಿಂದ ಬಂದ ನೇಕಾರರು ನನ್ನ ಅಜ್ಜ ಮುತ್ತಜ್ಜರನ್ನೆಲ್ಲ ನೆನೆದರು. ಎರಡು ದಿನ ಎಳೆ ಜೋಡಿಸುತ್ತ ಕೂತರು. ಎಂಜಿನ್ ಫಿಟರ್ ಒಬ್ಬ ಮುದುಕ ಇದ್ದ. ಅವನು ಬೈಯಲಿಲ್ಲ. ಶಬ್ದ ಕೇಳಿ ನಂಬಬೇಡ, ಗಾಲಿ ಯಾವ ಕಡೆ ತಿರುಗುತ್ತದೆ ಕಣ್ಣಿಟ್ಟು ನೋಡು ಎಂದಷ್ಟೇ ಹೇಳಿದ. ಬುದ್ಧಿಮಾತು ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಯುದ್ಧ ಬಂತು, ಎಣ್ಣೆ ತುಟ್ಟಿಯಾಯಿತು, ಆಮೇಲೆ ಸಿಗದೇ ಹೋಯಿತು. ಶೆಡ್ಡು ವಾರಕ್ಕೆ ಮೂರು ದಿನ ನಡೆಯತೊಡಗಿತು. ಅದೇ ಹೊತ್ತಿಗೆ ಕೊಲ್ಹಾಪುರದ ಒಬ್ಬ ಬಸ್ ಮಾಲಕರು ತಮ್ಮ ಗಡಹಿಂಗ್ಲಜ ಬಸ್ಸಿಗೆ ಇದ್ದಿಲು ಗ್ಯಾಸಿನ ಯಂತ್ರ ಕೂರಿಸುತ್ತಿದ್ದಾರೆ, ಉರಿ ನೋಡಿಕೊಳ್ಳಬಲ್ಲ ಆಳು ಬೇಕಂತೆ ಎಂದು ಸುದ್ದಿ ಬಂತು. ನನಗಾಗ ಇಪ್ಪತ್ತನಾಲ್ಕು, ಮದುವೆಯಾಗಿ ಮಗಳೂ ಹುಟ್ಟಿದ್ದಳು. ಅಪ್ಪನಿಗೆ ಹೇಳಿದೆ. ಇದ್ದಿಲು ಸುಡುವ ಕಸುಬು ನಮ್ಮಂಥ ಶ್ರಾವಕರಿಗೆ ಹೇಳಿದ್ದಲ್ಲ, ಅದರಲ್ಲಿ ಎಷ್ಟು ಜೀವ ಸಾಯುತ್ತವೆ ಗೊತ್ತೇನು ಎಂದರು. ನಾನು ಸುಡುವುದಿಲ್ಲ, ಸುಟ್ಟದ್ದನ್ನು ತುಂಬುವುದಷ್ಟೇ ಎಂದೆ. ಅವರು ಇದಕ್ಕೆ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಯಂತ್ರ ಹೇಗಿತ್ತು ಎಂದು ಹೇಳುತ್ತೇನೆ. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಡಬ್ಬಿ. ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಬಂಬದ ಹಾಗೇ ಇದ್ದುದರಿಂದ ಎಲ್ಲರೂ ಅದನ್ನು ಬಂಬ ಎಂದೇ ಕರೆದರು. ಮೇಲಿಂದ ಇದ್ದಿಲು ತುಂಬಿ, ಕೆಳಗೆ ಕೆಂಡ ಹಾಕಿ, ಪಕ್ಕದ ಹಿಡಿಕೆಯ ಪಂಖವನ್ನು ಕೈಯಿಂದ ಅರ್ಧ ತಾಸು ತಿರುಗಿಸಬೇಕು. ಆಗ ಹುಟ್ಟಿದ ಗ್ಯಾಸು ಎರಡು ಸೋಸುಡಬ್ಬಿಗಳಲ್ಲಿ ಹಾದು, ಬಸ್ಸಿನ ಅಡಿಯ ಕೊಳವೆಯಲ್ಲಿ ಸಾಗಿ, ಡ್ರೈವರನ ಕಾಲ ಕೆಳಗೆ ಒಂದು ರಬ್ಬರ್ ನಳಿಗೆಯ ಮೂಲಕ ಎಂಜಿನ್ನಿಗೆ ಹೋಗುತ್ತದೆ. ನಾನು ಹಿಂದೆ ನಿಂತು ಪಂಖ ತಿರುಗಿಸುವುದು, ಡ್ರೈವರ್ ಮುಂದೆ ಕೂತು ಎಂಜಿನ್ ಹಿಡಿಯುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುವುದು. ಎಂಜಿನ್ ಹಿಡಿಯಿತೆಂದರೆ ಅದೇ ಗ್ಯಾಸನ್ನು ಎಳೆದುಕೊಳ್ಳುತ್ತದೆ, ಪಂಖ ನಿಲ್ಲಿಸಬಹುದು. ಯಂತ್ರ ಕೂರಿಸಲು ಮುಂಬಯಿಯಿಂದ ಬಂದ ಮನುಷ್ಯ ಹರಕುಮುರುಕು ಹಿಂದಿಯಲ್ಲಿ, ಗಾಳಿಯಾಡುವ ಜಾಗದಲ್ಲೇ ಹೊತ್ತಿಸಿ ಎಂದು ಎರಡು ಸಲ ಹೇಳಿದ. ಉರಿಗೆ ಗಾಳಿ ಬೇಕಲ್ಲ, ಅದಕ್ಕೇ ಹೇಳಿದ ಎಂದುಕೊಂಡೆವು. ನಮಗೂ ಗಾಳಿ ಬೇಕು ಎಂದು ಹೇಳಿದ್ದನೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಡ್ರೈವರ್ ಕೇರಬಾ. ಗಡಹಿಂಗ್ಲಜದ ಹತ್ತಿರದ ಹಳ್ಳಿಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನಾನು ಮಾಮಾ ಎನ್ನುತ್ತಿದ್ದೆ. ಮನೆಮಾತು ಮರಾಠಿ. ಹೆಂಡತಿ ಹೌಸಕ್ಕ ಸಂಕೇಶ್ವರ ಕಡೆಯವಳಾದ್ದರಿಂದ ಕನ್ನಡವೂ ಸಲೀಸು. ಪ್ರಾಯದಲ್ಲಿ ಕುಡಿಯುತ್ತಿದ್ದನಂತೆ, ಹೊಡೆದಾಟವೂ ಇತ್ತಂತೆ. ಅದನ್ನು ಅವನೇ ಮುಚ್ಚಿಡದೆ ಹೇಳುತ್ತಿದ್ದ. ಮದುವೆಯಾದ ಕೆಲವು ವರ್ಷಕ್ಕೆ ಗಂಡಹೆಂಡತಿ ಇಬ್ಬರೂ ತುಳಸಿ ಮಣಿಗಳ ಮಾಳಿ ಹಾಕಿಕೊಂಡು ಪಂಢರಪುರದ ವಾರಕರಿಗಳಾದರು. ಮಾಳಿ ಕೊರಳಿಗೆ ಬಿದ್ದ ಮೇಲೆ ಹೆಂಡವಿಲ್ಲ, ಮಾಂಸವಿಲ್ಲ. ಪ್ರತಿ ಆಷಾಢಕ್ಕೆ ಮಾಲಕರ ಕಾಲು ಹಿಡಿದಾದರೂ ರಜೆ ಪಡೆದು ಹೆಂಡತಿಯೊಂದಿಗೆ ದಿಂಡಿಯ ಭಜನೆ ತಂಡದ ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ. ಅವನ ಹತ್ತಿರ ಇದ್ದ ಆಸ್ತಿ ಎಂದರೆ ಆ ಮಾಳಿ ಮತ್ತು ಅದರಿಂದ ಬಂದ ಹೆಸರು.

ಇದ್ದಿಲಿನ ಚೀಲ ತೆರೆದಾಗ ನಾನು ಒಂದೊಂದೇ ತುಂಡು ಎತ್ತಿ, ತಟ್ಟಿ, ಇರುವೆ ಗೊದ್ದ ಉದುರಿಸಿ ಬಂಬಕ್ಕೆ ಹಾಕುತ್ತಿದ್ದೆ. ಮಳೆಗಾಲದಲ್ಲಂತೂ ಚೀಲದ ತುಂಬ ಹುಳ. ಪ್ರಯಾಣಿಕರು ಬಾಯಿಗೆ ಬಂದಂತೆ ಕೂಗುತ್ತಿದ್ದರು. ಕೇರಬಾ ಮಾತ್ರ, ನಮ್ಮ ಬಸ್ಸಿಗೆ ಸೋಸಿದ ಇದ್ದಿಲೇ ಆಗಬೇಕು, ಇದು ಜೈನರ ಬಸ್ಸು ಎಂದು ಅವರನ್ನು ನಗಿಸಿ ಕೂರಿಸುತ್ತಿದ್ದ. ಗಡಹಿಂಗ್ಲಜದಲ್ಲಿ ಮಧ್ಯಾಹ್ನ ಎರಡು ತಾಸು ನಿಲುಗಡೆ. ಅವನ ಮನೆಯಲ್ಲೇ ನನ್ನ ಊಟ. ಹೌಸಕ್ಕ ನನಗೆಂದು ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಪಲ್ಯ ಬೇರೆ ಮಾಡಿ, ಬೇರೆ ತಾಟಿನಲ್ಲಿ ಬಡಿಸುತ್ತಿದ್ದಳು. ನೇಮಣ್ಣನ ಜಾತಿಯವರು ಭಾಳ ಖರೇ ಮಂದಿ ಎಂದು ನೆರೆಹೊರೆಗೆ ಹೇಳುತ್ತಿದ್ದಳು. ನನಗೆ ಕೇಳಲು ಹಿತವಾಗುತ್ತಿತ್ತು.

ಕಾಗಲ, ನಿಪ್ಪಾಣಿ, ತವಂದಿ ಘಾಟು, ಸಂಕೇಶ್ವರ, ಗಡಹಿಂಗ್ಲಜ. ಪೆಟ್ರೋಲಿನ ಮೇಲೆ ಮೂರು ತಾಸಿನ ದಾರಿ ನಮಗೆ ಐದು, ಆರು ತಾಸು. ಘಾಟಿನ ಏರಿನಲ್ಲಿ ಗಂಡಸರೆಲ್ಲ ಇಳಿದು ಹಿಂದಿನಿಂದ ನೂಕಬೇಕು, ಬಂಬಕ್ಕೆ ಕೈ ತಾಗಿಸಿಕೊಂಡವರು ಸುಟ್ಟುಕೊಳ್ಳಬೇಕು. ಒಮ್ಮೆ ಚಂದಗಡಕ್ಕೆ ಒಂದು ಮದುವೆಯ ದಿಬ್ಬಣ ಒಯ್ದಾಗ, ಮಳೆಯಲ್ಲಿ ಇದ್ದಿಲು ತೊಯ್ದು, ಮದುಮಗನೇ ಇಳಿದು ನೂಕಿದ. ಮುಹೂರ್ತ ಮೀರಿದ್ದಕ್ಕೆ ಹೆಣ್ಣಿನ ಕಡೆಯವರು ನನ್ನ ಅಂಗಿ ಹಿಡಿದರು. ಘಾಟು ಹತ್ತಿದ ಮೇಲೆ ಎಂಜಿನ್ ಆರಿಸಿ, ಬೂದಿ ಕೆದರಿ, ಇದ್ದಿಲು ತುಂಬಿ, ಮತ್ತೆ ಅರ್ಧ ತಾಸು ಪಂಖ. ದಿನವೂ ಇದೇ ಪಾಡು. ಸಂಜೆ ಉಗುಳಿದರೆ ಕಪ್ಪು, ಬೆಳಗ್ಗೆ ಉಗುಳಿದರೂ ಕಪ್ಪು.

ಎರಡನೇ ವರ್ಷ ಡ್ರೈವರನ ಕಾಲ ಕೆಳಗಿನ ರಬ್ಬರ್ ನಳಿಗೆ ಸೀಳಿತು. ಬಸ್ಸು ಏರು ಎಳೆಯುವುದು ಇನ್ನೂ ಕಡಿಮೆಯಾಯಿತು. ಹೊಸ ನಳಿಗೆ ಎಂದರೆ, ಯುದ್ಧದಲ್ಲಿ ರಬ್ಬರ್ ಎಲ್ಲಿಂದ ತರಲಿ ಎಂದರು ಮಾಲಕರು. ನಾನು ಗೋಣಿನಾರಿನ ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಬಟ್ಟೆ ಬಿಗಿದು ಸುತ್ತಿದೆ. ಎಂಜಿನ್ ಓಡುವಾಗ ಅದು ಚೆನ್ನಾಗಿಯೇ ನಡೆಯಿತು. ಮಾಲಕರು ಭೇಷ್ ಎಂದರು. ಮಣ್ಣು ಒಣಗಿದರೆ ಬಿರಿಯುತ್ತದೆ ಎಂಬುದು ಒಕ್ಕಲಿಗನ ಮಗನಿಗೆ ಗೊತ್ತಿರಬೇಕಿತ್ತು. ಇನ್ನೊಮ್ಮೆ ಹಲಗೆ ಎತ್ತಿ ನಾನು ನೋಡಲಿಲ್ಲ.

ಆ ಮಳೆಗಾಲ ಜೋರು. ಬಸ್ಸಿನ ಎರಡೂ ಮಗ್ಗುಲಿಗೆ ತಾಡಪತ್ರಿ ಬಿಗಿದೆವು, ಬಸ್ಸು ನಿಲ್ಲಿಸುವ ಶೆಡ್ಡಿನ ಬಾಗಿಲು ಮುಚ್ಚಿ ಬಂಬ ಹೊತ್ತಿಸತೊಡಗಿದೆವು. ಕೇರಬಾ ತಲೆ ಹಿಡಿದಿದೆ ಎನ್ನತೊಡಗಿದ್ದು ಆಗಲೇ. ಬಿಸಿಲಿನವನಿಗೆ ಮಳೆ ಆಗಿಬರುವುದಿಲ್ಲ ಎಂದು ತಾನೇ ಕಾರಣ ಕೊಟ್ಟುಕೊಂಡ. ಹೇಳಿದ್ದನ್ನೇ ಎರಡು ಸಲ ಹೇಳುವುದು, ಸುಮ್ಮಸುಮ್ಮನೆ ನಗುವುದು, ಇಳಿದಾಗ ಕಾಲು ತೊಡರುವುದು. ಮುಖ ಕೆಂಪಗೆ. ಒಂದೆರಡು ಸಲ ರಸ್ತೆ ಪಕ್ಕ ಕೂತು ವಾಂತಿ ಮಾಡಿಕೊಂಡ. ಮೈಯಿಂದ ಒಂದು ನಮೂನೆ ಹುಳಿ ವಾಸನೆ. ಇಷ್ಟು ವರ್ಷದ ಮಾಳಿ ಕೊರಳಲ್ಲಿಟ್ಟುಕೊಂಡು ಈ ಮನುಷ್ಯ ಮತ್ತೆ ಶುರು ಮಾಡಿದನಲ್ಲ ಎಂದು ನನಗೆ ಕೆಡುಕೆನಿಸಿತು. ಕೇಳಲಿಲ್ಲ. ಹಿರಿಯರನ್ನು ಹೇಗೆ ಕೇಳುವುದು ಎಂದು ಸುಮ್ಮನಿದ್ದೆ.

ಒಂದು ದಿನ ತವಂದಿ ಘಾಟಿನ ನೆತ್ತಿಯಲ್ಲಿ ಬಸ್ಸು ನಿಲ್ಲಿಸಿ ಇದ್ದಿಲು ತುಂಬಿದೆ, ಪಂಖ ತಿರುಗಿಸಿದೆ. ಮಳೆ ಹೊಯ್ಯುತ್ತಿತ್ತು. ಕೇರಬಾ ತಾಡಪತ್ರಿಯ ಒಳಗೆ ತನ್ನ ಜಾಗದಲ್ಲೇ ಕೂತಿದ್ದ. ಎಂಜಿನ್ ಹಿಡಿಯಿತು, ಹೊರಟೆವು. ಇಳುಕಲಿನ ಮೊದಲ ತಿರುವಿನಲ್ಲೇ ಬಸ್ಸು ತಿರುಗಲಿಲ್ಲ. ನೆಟ್ಟಗೆ ಹೋಗಿ ಗಟಾರಕ್ಕೆ ಇಳಿದು ಒಂದು ಮಾವಿನ ಮರಕ್ಕೆ ಒರಗಿ ನಿಂತಿತು. ಸಂಕೇಶ್ವರಕ್ಕೆ ಮೆಣಸಿನಕಾಯಿ ಒಯ್ಯುತ್ತಿದ್ದ ಒಬ್ಬ ಹೆಂಗಸಿನ ತೋಳು ಮುರಿಯಿತು, ಉಳಿದವರು ತರಚುಗಾಯದಲ್ಲಿ ಪಾರಾದರು. ಕೇರಬಾ ಸ್ಟಿಯರಿಂಗ್ ಹಿಡಿದುಕೊಂಡು, ಏನಾಯಿತು ಎಂದು ನನ್ನನ್ನೇ ಕೇಳುತ್ತಿದ್ದ. ಜನ ಅವನನ್ನು ಇಳಿಸಿದಾಗ ನಿಲ್ಲಲಾಗಲಿಲ್ಲ. ಯಾರೋ ಕುಡಿದಿದ್ದಾನೆ ಎಂದರು, ಎಲ್ಲರೂ ಹೌದೆಂದರು.

ಮರುದಿನ ಮಾಲಕರು ಇಬ್ಬರನ್ನೂ ಕೊಲ್ಹಾಪುರದ ತಮ್ಮ ಕಚೇರಿಗೆ ಕರೆಸಿದರು. ಕೇರಬಾ ನೆಟ್ಟಗೆ ನಿಂತು, ತಾನು ಕುಡಿದಿಲ್ಲ, ಕಣ್ಣು ಕತ್ತಲೆ ಬಂತು, ಮುಂದಿನದು ನೆನಪಿಲ್ಲ ಎಂದ. ಮಾಲಕರು ಕೆಟ್ಟ ಮನುಷ್ಯರಲ್ಲ, ಅವರಿಗೂ ಅವನನ್ನು ಬಿಡುವ ಮನಸ್ಸಿರಲಿಲ್ಲ. ನನ್ನ ಕಡೆ ತಿರುಗಿದರು.

"ನೇಮಣ್ಣ, ನೀ ಜೈನರ ಮನುಷ್ಯಾ, ಸುಳ್ಳ ಹೇಳಂಗಿಲ್ಲ. ಖರೇ ಸಾಂಗ್, ಖರೇ ಹೇಳು. ಇವ ಕುಡದಿದ್ನೋ ಇಲ್ಲೋ?"

"ಕುಡದಿದ್ರು ಅನಸ್ತೈತ್ರಿ," ಎಂದೆ.

"ಅನಸೂದ್ ಬ್ಯಾಡ. ವಾಸನಿ ಇತ್ತೋ ಇಲ್ಲೋ?"

"ಇತ್ರಿ. ಏನೋ ಹುಳಿ ವಾಸನಿ."

ಕೇರಬಾ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. "ನೇಮಣ್ಣಾ, ನನ್ನ ಮಾರಿ ನೋಡಿ ಇನ್ನೊಮ್ಮೆ ಹೇಳು," ಎಂದ.

ನಾನು ಅವನ ಮುಖ ನೋಡಿಯೇ ಇನ್ನೊಮ್ಮೆ ಹೇಳಿದೆ. ಖರೇ ಹೇಳುತ್ತಿದ್ದೇನೆ ಎಂಬ ಧೈರ್ಯ ನನಗೆ. ಆವತ್ತಿನವರೆಗೆ ಹೆಂಡದ ವಾಸನೆ ಹೇಗಿರುತ್ತದೆ ಎಂದು ನನ್ನ ಮೂಗಿಗೆ ಗೊತ್ತೇ ಇರಲಿಲ್ಲ ಎಂಬುದನ್ನು ಮಾಲಕರು ಕೇಳಲಿಲ್ಲ, ನಾನು ಹೇಳಲಿಲ್ಲ. ಕುಡಿಯದವನ ಸಾಕ್ಷಿ ಗಟ್ಟಿ ಎಂದು ಅವರು ತಿಳಿದರು. ಅವತ್ತೇ ಕೇರಬಾನ ಕೆಲಸ ಹೋಯಿತು. ಸ್ಟಿಯರಿಂಗ್ ಮೇಲೆ ನನಗೆ ಆಸೆ ಇರಲಿಲ್ಲ ಎಂದರೆ ಅದೊಂದು ಸುಳ್ಳಾದೀತು. ಆಸೆಗೆ ಹೇಳಲಿಲ್ಲ, ಆದರೆ ಹೇಳುವಾಗ ಆಸೆ ಪಕ್ಕದಲ್ಲೇ ಇತ್ತು. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ. ಅಪಘಾತದ ವಿಚಾರಣೆಯಲ್ಲಿ ನಿಮ್ಮನ್ನು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಕಾಲು ತೊಡರಿತು ಎಂದು ಕಂಡಿದ್ದರೆ ಕಾಲು ತೊಡರಿತು ಎನ್ನಿ. ಅದಕ್ಕೆ ಹೆಸರಿಡಲು ಹೋಗಬೇಡಿ.

ಡ್ರೈವರುಗಳೆಲ್ಲ ಯುದ್ಧದ ಪಲ್ಟಣಿಗೆ ಹೋಗಿದ್ದ ಕಾಲ. ನಾನು ಮೂರು ತಿಂಗಳಲ್ಲಿ ಬಸ್ಸು ಓಡಿಸಲು ಕಲಿತೆ, ಬಂಬಕ್ಕೆ ನಿಪ್ಪಾಣಿಯ ಇನ್ನೊಬ್ಬ ಆಳು ಬಂದ. ಮಾಳಿ ಹಾಕಿಕೊಂಡು ಕುಡಿಯುವವನು ಎಂಬ ಹೆಸರು ಹೊತ್ತವನಿಗೆ ಬೇರೆ ಮಾಲಕರೂ ಕೆಲಸ ಕೊಡಲಿಲ್ಲ. ದಿಂಡಿಯವರೂ ದೂರ ಇಟ್ಟರು ಎಂದು ಕೇಳಿದೆ. ಅವನು ಬಾಡಿಗೆ ಎತ್ತಿನ ಗಾಡಿಯಲ್ಲಿ ಗಡಹಿಂಗ್ಲಜದ ಪೇಟೆಗೆ ಬೆಲ್ಲ ಹೇರತೊಡಗಿದ. ಎದುರಾದಾಗ ನಾನು ಹಾರ್ನ್ ಒತ್ತಬೇಕಾಗುತ್ತಿತ್ತು, ಅವನು ತಲೆ ಎತ್ತದೆ ಗಾಡಿಯನ್ನು ಪಕ್ಕಕ್ಕೆ ಸರಿಸುತ್ತಿದ್ದ. ಆ ಮನೆಯ ಊಟ ತಾನಾಗಿ ನಿಂತಿತು. ನಾನು ಬಸ್ಸಿನಲ್ಲೇ ಬುತ್ತಿ ಬಿಚ್ಚುತ್ತಿದ್ದೆ.

ಚಳಿಗಾಲ, ಬೇಸಿಗೆ ಏನೂ ಆಗಲಿಲ್ಲ. ತಾಡಪತ್ರಿ ಇರಲಿಲ್ಲ, ಗಾಳಿ ಧಾರಾಳ. ಮತ್ತೆ ಮಳೆ ಹಿಡಿದಾಗ ನನಗೆ ತಲೆನೋವು ಶುರುವಾಯಿತು. ನಿದ್ದೆ ಸಾಲದು ಎಂದುಕೊಂಡೆ. ಸಂಕೇಶ್ವರದಲ್ಲಿ ಒಂದು ದಿನ ಇಳಿಯುವಾಗ ಕಾಲು ನನ್ನದಲ್ಲ ಎನ್ನುವಂತಾಗಿ ಮುಗ್ಗರಿಸಿ, ಅಲ್ಲೇ ವಾಂತಿ ಮಾಡಿಕೊಂಡೆ. ಬಸ್ಸಿನಲ್ಲಿ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಒಬ್ಬರಿದ್ದರು, ನಮ್ಮವರೇ, ಅಪ್ಪನ ಪರಿಚಯದವರು. ಅವರು ನನ್ನನ್ನು ಮಾತಾಡಿಸದೆ ಮುಖ ತಿರುಗಿಸಿದರು. ಮುಂದಿನ ವಾರ ನಾನು ದಾನೋಳಿಗೆ ಹೋಗುವ ಮೊದಲೇ ಸುದ್ದಿ ಹೋಗಿ ಕೂತಿತ್ತು.

ಆ ದಿನ ನಾನು ಬಸ್ಸಿನ ಸರದಿ ಮುಗಿಸಿ, ತೊಟ್ಟ ಅಂಗಿಯಲ್ಲೇ ಊರಿಗೆ ಹೋಗಿದ್ದೆ. ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಕಾಲು ತೊಳೆಯಲೂ ಬಿಡದೆ ಹತ್ತಿರ ಕರೆದು ನನ್ನ ಕೊರಳು, ಅಂಗಿ, ಬಾಯಿ ಮೂಸಿದರು.

"ಹುಳಿ ವಾಸನಿ ಬರ್ತೈತಲ್ಲೋ ನೇಮಣ್ಣಾ," ಎಂದರು. "ಮಂದಿ ಹೇಳಿದ್ದು ಖರೇನ ಆತು."

ನಾನು ಒಂದು ಹನಿ ಮುಟ್ಟಿರಲಿಲ್ಲ. ನಾನು ಕಚೇರಿಯಲ್ಲಿ ನಿಂತು ಹೇಳಿದ ಮಾತನ್ನೇ ಅಪ್ಪ ನನ್ನ ಮೇಲೆ ಹೇಳುತ್ತಿದ್ದರು. ಅವರ ಮೂಗಿಗೂ ಹೆಂಡ ಗೊತ್ತಿಲ್ಲ. ಆಣೆ ಇಟ್ಟೆ, ಬಸದಿಗೆ ನಡೆಯಿರಿ ಎಂದೆ. ಅಪ್ಪ ನಂಬಿದರೋ ಇಲ್ಲವೋ, ಎದ್ದು ಒಳಗೆ ಹೋದರು. ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅಲ್ಲೇ ಕಂಬಕ್ಕೊರಗಿ ಕೂತುಬಿಟ್ಟೆ. ಕೇರಬಾ ನನ್ನ ಮಾರಿ ನೋಡಿ ಹೇಳು ಎಂದದ್ದು ಯಾಕೆ ಎಂದು ಅವತ್ತು ತಿಳಿಯಿತು.

ಮರುದಿನ ಬೆಳಗ್ಗೆ ಕೊಲ್ಹಾಪುರದಲ್ಲಿ ಡ್ರೈವರ್ ಸೀಟಿನ ಕೆಳಗಿನ ಹಲಗೆ ಎತ್ತಿದೆ. ನಾನು ಸುತ್ತಿದ ಪಟ್ಟಿ ಹಾಗೇ ಇತ್ತು. ಬಂಬದ ಆಳಿಗೆ ಪಂಖ ತಿರುಗಿಸಲು ಹೇಳಿ, ಒಂದು ಉದ್ದನೆಯ ಬತ್ತಿ ಹೊತ್ತಿಸಿ ಹತ್ತಿರ ಹಿಡಿದೆ. ಪಟ್ಟಿಯ ಸುತ್ತ ನೀಲಿ ಉರಿ ಎದ್ದಿತು. ಓಡುವಾಗ ಎಂಜಿನ್ ಎಳೆದುಕೊಳ್ಳುತ್ತದೆ, ಹಾಗಾಗಿ ಗ್ಯಾಸು ಹೊರಗೆ ಬರುವುದಿಲ್ಲ. ಪಂಖ ತಿರುಗಿಸಿ ನೂಕುವಾಗ ಮಾತ್ರ ಸೋರುತ್ತದೆ. ನಾನು ಹಿಂದೆ ಬಯಲಲ್ಲಿ ನಿಂತು ತಿರುಗಿಸಿದ ಒಂದೊಂದು ಸುತ್ತೂ ಮುಂದೆ ಕೇರಬಾನ ಮೂಗಿಗೆ ಹೋಗಿತ್ತು. ಹುಳಿ ವಾಸನೆ ಅರೆಸುಟ್ಟ ಇದ್ದಿಲಿನದು, ತಲೆ ತಿರುಗಿಸಿದ್ದು ಆ ಗ್ಯಾಸು. ವಿಷ ಹಾಕಿದವನು ನಾನು, ಕುಡಿದಿದ್ದಾನೆ ಎಂದು ಸಾಕ್ಷಿ ಹೇಳಿದವನೂ ನಾನು.

ಹಾಗೇ ಮಾಲಕರ ಹತ್ತಿರ ಹೋದೆ, ಎಲ್ಲ ಹೇಳಿದೆ. ಅವರು ಬಂದು ಉರಿ ನೋಡಿದರು. ಆಮೇಲೆ, ಇದನ್ನು ಹೊರಗೆ ಬಾಯಿ ಬಿಡಬೇಡ, ಬಸ್ಸಿನಲ್ಲಿ ವಿಷದ ಗಾಳಿ ಇದೆ ಎಂದರೆ ನಾಳೆಯಿಂದ ಯಾರು ಹತ್ತುತ್ತಾರೆ ಎಂದರು. ಕೇರಬಾನ ಕಥೆ ಏನು ಎಂದೆ. ಆದದ್ದು ಆಗಿಹೋಯಿತು, ಈಗ ಕೆದರಿ ಏನು ಮಾಡುತ್ತೀ ಎಂದರು. ಸಂಜೆಯೊಳಗೆ ಹೊಸ ರಬ್ಬರ್ ನಳಿಗೆ ಬಂತು. ವರ್ಷದಿಂದ ಎಲ್ಲೂ ಸಿಗದಿದ್ದದ್ದು ಅವತ್ತು ಅರ್ಧ ದಿನದಲ್ಲಿ ಸಿಕ್ಕಿತು. ಕೆಲಸ ಬಿಡುತ್ತೇನೆ ಎಂದು ಬಾಯಿಗೆ ಬಂದ ಮಾತನ್ನು ನುಂಗಿದೆ. ಮನೆಯಲ್ಲಿ ಹೆಂಡತಿ ಎರಡನೆಯ ಬಸುರಿ. ನಾನು ಅಂಥ ಗಂಡೆದೆಯವನಲ್ಲ.

ಆದರೆ ಮೂರನೇ ದಿನ, ಗಡಹಿಂಗ್ಲಜದ ನಿಲುಗಡೆಯಲ್ಲಿ, ಬುತ್ತಿ ಬಿಚ್ಚದೆ ಕೇರಬಾನ ಮನೆಗೆ ನಡೆದೆ. ಆಷಾಢ ಹತ್ತಿರ ಬಂದಿತ್ತು. ಅಂಗಳದಲ್ಲಿ ಅವನು ಗಾಡಿಯ ಗಾಲಿ ಬಿಚ್ಚಿ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ಸೊರಗಿದ್ದ. ಮಾಳಿ ಕೊರಳಲ್ಲೇ ಇತ್ತು. ಕೂರು ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ನಳಿಗೆ, ಮಣ್ಣಿನ ಪಟ್ಟಿ, ಪಂಖ, ನೀಲಿ ಉರಿ, ನನಗಾದ ವಾಂತಿ, ಅಪ್ಪ ಮೂಸಿದ್ದು. ಪಟ್ಟಿ ಸುತ್ತಿದ್ದು ನಾನೇ ಎಂಬುದನ್ನೂ ಬಿಡಲಿಲ್ಲ. ಕೈಮುಗಿದು, ತಪ್ಪಾತು ಮಾಮಾ ಎಂದೆ.

ಅವನು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ನಾ ಕುಡದಿಲ್ಲ ಅನ್ನೂದು ನನಗ ಆವತ್ತ ಗೊತ್ತಿತ್ತು," ಎಂದ. "ಅದನ್ನ ನನಗ್ಯಾಕ ಹೇಳಾಕ ಬಂದೀ? ಒಳಗ ಹೋಗು. ಅಕೀಗೆ ಹೇಳು."

ಒಳಗೆ ಹೌಸಕ್ಕ ಒಲೆಯ ಮುಂದೆ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಬರ್ರಿ ಎಂದಳು. ಹೊರಗೆ ಹೇಳಿದ್ದನ್ನೆಲ್ಲ ಮೊದಲಿಂದ ಮತ್ತೆ ಹೇಳಿದೆ. ಗ್ಯಾಸಿನ ವಿಚಾರ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ, ಮಾಮಾ ಆ ದಿನ ಒಂದು ಹನಿ ಮುಟ್ಟಿರಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಅದು ತಿಳಿಯಿತು. ಜರಡಿ ನಿಂತಿತು.

ಅವಳು ಹೊರಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು.

"ಆವತ್ತ ಇವರು ಮನೀಗೆ ಬಂದು, ನೇಮಣ್ಣ ಹಿಂಗ ಅಂದಾನ ಅಂತ ಹೇಳಿದ್ರು. ನೇಮಣ್ಣ ಸುಳ್ಳ ಹೇಳಾವಲ್ಲ, ನೀವ ಕುಡದಿರಬೇಕು ಅಂತ ನಾನ ಅಂದೆ. ಮಾಳಿ ಹಿಡದು ಆಣಿ ಮಾಡಾಕ ಬಂದ್ರು. ಆ ಬಾಯಿಲೇ ಆಣಿ ಬ್ಯಾಡ, ಮಾಳಿ ಮುಟ್ಟಬ್ಯಾಡ್ರಿ ಅಂತ ಕೈ ಸರಿಸಿದೆ. ಅದರ ಮ್ಯಾಲೆ ಇವರು ಒಂದ ಸರ್ತಿನೂ ಆ ಮಾತ ತಗದಿಲ್ಲ."

ಹೊರಗೆ ಕೇರಬಾ ಗಾಲಿಯನ್ನು ಅಚ್ಚಿಗೆ ಹಾಕಿ ಒಮ್ಮೆ ತಿರುಗಿಸಿದ ಶಬ್ದ ಬಂತು.

"ನೀವ್ ಖರೇ ಹೇಳಿ ಬಸ್ಸಿಗೆ ಹೋಗ್ತೀರಿ ನೇಮಣ್ಣ," ಎಂದಳು ಹೌಸಕ್ಕ. "ನಾ ಹೊರಗ ಹೋಗಿ ಅವರಿಗೆ ಏನಂತ ಹೇಳ್ಲಿ?"

ನಿಲುಗಡೆಯ ಹೊತ್ತು ಮುಗಿದಿತ್ತು, ಅಂಗಳದಲ್ಲಿ ಕೇರಬಾನನ್ನು ದಾಟಿಕೊಂಡು ಬಸ್ಸಿಗೆ ನಡೆದೆ.